ಔರಾದ್ ಗಡಿ ಚೆಕ್‌ಪೋಸ್ಟ್ ಸಿಬ್ಬಂದಿಗೆ 8 ಕ್ವಾರ್ಟರ್ಸ್: ಎರಿ ಮಣ್ಣಾಗ ಬುನಾದಿ ಎಷ್ಟು ಆಳ?

ಔರಾದ್_ಸೈಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಬೀದರ್ ಜಿಲ್ಲೆ ಔರಾದ್ ತಾಲೂಕು, ಮಹಾರಾಷ್ಟ್ರ ಗಡಿ ಕಡೆ ಚೆಕ್‌ಪೋಸ್ಟ್ ಸಿಬ್ಬಂದಿಗೆ ಮನೆ ಕಟ್ಟೋ ಕೆಲಸ. ಒಟ್ಟು 8 ಮನೆ, 2 ಬ್ಲಾಕ್. ಒಂದೊಂದು ಬ್ಲಾಕ್‌ನಾಗ ಕೆಳಗ 2, ಮ್ಯಾಲ 2. ಒಂದು ಬ್ಲಾಕಿನ ಅಳತೆ 14 ಮೀ × 9 ಮೀ, 15 ಕಂಬ.

ಜಾಗ ಒಂದು ಎಕರೆ. ರಸ್ತೆಗೆ ಮುಖ 40 ಮೀಟರ್, ಹಿಂದಕ್ಕ 100 ಮೀಟರ್. ಹಿಂದಿನ ತುದಿ ನಾಲಾ ಕಡೆ ಇಳಿತದ. ಟೈಪ್ ಡ್ರಾಯಿಂಗ್ (ಎಲ್ಲಾ ಕಡೆಗೂ ಒಂದೇ ನಮೂನಿ ನಕ್ಷೆ) ಬೆಂಗಳೂರಿಂದ ಬಂದದ. ಅದರಾಗ ಫೂಟಿಂಗ್ (ಕಂಬದ ಬುಡದ ಅಗಲ ಕಾಂಕ್ರೀಟ್ ಪಾದ) 1.5 ಮೀಟರ್ ಆಳ, ನೆಲ ಅಂದ್ರ ಮಣ್ಣು ತುಂಬಿ ಮ್ಯಾಲ ಬೆಡ್ ಕಾಂಕ್ರೀಟ್, ಟೈಲ್ಸ್. ಡ್ರಾಯಿಂಗ್ ಪ್ರಕಾರ ಒಂದು ಬ್ಲಾಕ್ ಮುಂದ, ಇನ್ನೊಂದು ಅದರ ಹಿಂದ.

ಜೆಸಿಬಿಲಿಂದ ಮೂರು ಗುಂಡಿ ತೋಡಿ ನೋಡೇವಿ. ಮುಂದಿನ ಕಡೆ ಎರಡು ಗುಂಡಿಯಾಗ 2.3 ಮತ್ತು 2.4 ಮೀಟರ್ ತನಕ ಎರಿ ಮಣ್ಣು (ನೀರಿಗೆ ಉಬ್ಬಿ ಒಣಗಿದ್ರ ಕುಗ್ಗೋ ಕರಿ ಮಣ್ಣು), ಅದರ ಕೆಳಗ ಹಳದಿ ಗರಸು (ಕಲ್ಲು ಸವೆದು ಆದ ಗಟ್ಟಿ ಪದರ). ಹಿಂದಿನ ಗುಂಡಿಯಾಗ 4 ಮೀಟರ್ ಹೋದ್ರೂ ಕರಿ ಮಣ್ಣೇ. ಲ್ಯಾಬಿನ ಫ್ರೀ ಸ್ವೆಲ್ (ನೀರಾಗ ಮಣ್ಣು ಶೇಕಡಾ ಎಷ್ಟು ಉಬ್ಬತದ ಅನ್ನೋ ಅಳತೆ) 85 ಬಂದದ.

ಪ್ರಶ್ನೆ: ಅಂಡರ್-ರೀಮ್ಡ್ ಪೈಲ್ (ನೆಲ ಕೊರೆದು ಎರೆಯೋ, ಬುಡದಾಗ ಗಡ್ಡೆಯಂಗ ಅಗಲ ಇರೋ ಕಾಂಕ್ರೀಟ್ ಕಂಬ) ಹಾಕಬೇಕೋ, ಫೂಟಿಂಗ್ ಆಳ ಮಾಡಬೇಕೋ? ನೆಲಕ್ಕ ಏನು ಮಾಡೋದು? ನೀರು, ಸಂಡಾಸಿನ ವಿಚಾರ ಎಸ್ಟಿಮೇಟಿನಾಗ ಒಂದೇ ಸಾಲು ಅದ, ಅದನ್ನೂ ಹೇಳ್ರಿ.

ಗುತ್ತಿಗೆ_ಭಾಲ್ಕಿ

ಅಣ್ಣಾ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? 1.5 ಮೀಟರೇ ತೋಡ್ರಿ. ಕೆಳಗ ಒಂದು ಫೂಟ್ ಉಸುಕು, ಅದರ ಮ್ಯಾಲ ಒಂದು ಫೂಟ್ ಖಡಿ ಹಾಕಿ ನೀರು ಬಿಟ್ಟು ಕೂಡಿಸ್ರಿ. ನೆಲದ ಕೆಳಗೂ ಉಸುಕೇ ತುಂಬ್ರಿ. ಈ ಕಡೆ ಎಲ್ಲಾ ಹಂಗೇ ಮಾಡ್ತಾರ.

ಗರಸು_ಗುಂಡಿ

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಮ್ಮ ಕಡೆ ಸರ್ಕಾರಿ ಕ್ವಾರ್ಟರ್ಸ್ ಬಿರುಕು ಬಿಡುವುದಕ್ಕೆ ಮೊದಲ ಕಾರಣವೇ ಈ ಉಸುಕು. ಎರಿ ಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ. ಅಂಥ ಮಣ್ಣಿನ ನಡುವೆ ಉಸುಕು, ಖಡಿ ತುಂಬಿದರೆ ಅದು ಹಂಡೆ ಇಟ್ಟಂತೆ: ಸುತ್ತಲಿನ ಮಳೆ ನೀರೆಲ್ಲ ಅದರೊಳಗೆ ಬಂದು ನಿಂತು, ತಳದ ಮಣ್ಣಿಗೆ ತಿಂಗಳುಗಟ್ಟಲೆ ನೀರು ಕುಡಿಸುತ್ತದೆ. ಉಬ್ಬು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ಟೈಪ್ ಡ್ರಾಯಿಂಗ್ ವಿಷಯ. 1.5 ಮೀಟರ್ ಫೂಟಿಂಗ್ ಬೀದರ್ ಊರಲ್ಲಿ, ಹುಮನಾಬಾದ್ ಕಡೆ ಜಂಬಿಟ್ಟಿಗೆಯ ಮೇಲೆ ನಡೆದೀತು. ಔರಾದ್, ಭಾಲ್ಕಿ ಕಡೆ ಬಸಾಲ್ಟ್ ಕಲ್ಲಿನ ಮೇಲೆ ಕೂತ ಎರಿ ಮಣ್ಣು. ಒಂದೇ ಜಿಲ್ಲೆ ಅಂತ ಒಂದೇ ಬುನಾದಿ ಹಾಕಲು ಬರುವುದಿಲ್ಲ. ಬ್ಯಾಸಿಗೆಯಲ್ಲಿ ಹೊಲದ ಬಿರುಕಿಗೆ ಕೋಲು ಬಿಟ್ಟು ನೋಡಿ, 1.5 ಮೀಟರಿಗೂ ಕೆಳಗೆ ಇಳಿಯುವ ಜಾಗ ಇವೆ. ಅಂದರೆ ಡ್ರಾಯಿಂಗಿನ ಫೂಟಿಂಗ್ ಕೂತಿರುವುದೇ ಪ್ರತಿ ವರ್ಷ ಉಬ್ಬಿ ಕುಗ್ಗುವ ಪದರದಲ್ಲಿ.

ಫ್ರೀ ಸ್ವೆಲ್ 50 ದಾಟಿದರೇ ಬಹಳ ಉಬ್ಬುವ ಮಣ್ಣು, ನಿಮ್ಮದು 85. ಲ್ಯಾಬಿನ ಮೇಲೆ ಸಂಶಯ ಇದ್ದರೆ ನೀವೇ ಮಾಡಿ ನೋಡಬಹುದು. ಒಲೆಯಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು 10 ಗ್ರಾಂ ಎರಡು ಪಾಲು. 100 ಮಿ.ಲೀ. ಗಾಜಿನ ಅಳತೆ ಕೊಳವೆ ಎರಡು. ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಬಟ್ಟಿ ಇಳಿಸಿದ ನೀರು. ಕಲಕಿ ಗಾಳಿ ಗುಳ್ಳೆ ತೆಗೆದು 24 ತಾಸು ಬಿಡಿ. ನೀರಿನಲ್ಲಿ ಮಣ್ಣು ಎಷ್ಟು ಮಿ.ಲೀ., ಎಣ್ಣೆಯಲ್ಲಿ ಎಷ್ಟು, ಆ ವ್ಯತ್ಯಾಸವನ್ನು ಎಣ್ಣೆಯ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಅದಕ್ಕೇ ಅದು ಹೋಲಿಕೆಗೆ.

ಪೈಲೋ ಫೂಟಿಂಗೋ? ಮುಂದಿನ ಕಡೆ ಪೈಲ್ ಬೇಡ. ಕಾರಣ ಎರಡು. ಐಎಸ್ (ಭಾರತೀಯ ಮಾನದಂಡ) 2911 ಭಾಗ 3 ರ ಪ್ರಕಾರ ಆಳವಾದ ಎರಿ ಮಣ್ಣಿನಲ್ಲಿ ಅಂಡರ್-ರೀಮ್ಡ್ ಪೈಲ್ ಕನಿಷ್ಠ 3.5 ಮೀಟರ್ ಇಳಿಯಬೇಕು. 300 ಮಿ.ಮೀ. ಪೈಲಿಗೆ ಬುಡದ ಗಡ್ಡೆ ಅದರ ಎರಡೂವರೆ ಪಟ್ಟು, ಅಂದರೆ 750 ಮಿ.ಮೀ. ನಿಮ್ಮಲ್ಲಿ 2.4 ಮೀಟರಿಗೇ ಗರಸು ಸಿಗುತ್ತದೆ. ಗಟ್ಟಿ ಗರಸಿನಲ್ಲಿ ಕೈ ಆಗರ್ (ಕೈಯಿಂದ ತಿರುಗಿಸಿ ಕೊರೆಯುವ ಬೈರಿಗೆ) ತಿರುಗುವುದಿಲ್ಲ, ಗಡ್ಡೆ ಕೊರೆಯುವ ಬಕೆಟ್ ಅಂತೂ ಬಾಯಿ ಬಿಡುವುದೇ ಇಲ್ಲ. ಆಮೇಲೆ ಗಡ್ಡೆ ಇಲ್ಲದ ಪೈಲಿಗೆ ಗಡ್ಡೆ ಪೈಲಿನ ಬಿಲ್ ಆಗುತ್ತದೆ, ಒಳಗೆ ಇಳಿದು ನೋಡುವವರು ಯಾರು? ಎರಡನೆಯದು ಭಾರ. ಒಂದು ಗಡ್ಡೆಯ 300 ಮಿ.ಮೀ. ಪೈಲ್ ಸುಮಾರು 16 ಟನ್ ಹೊರುತ್ತದೆ. ನಿಮ್ಮ ನಡುಗಂಬಕ್ಕೆ ಅಂದಾಜು 55 ಟನ್ ಬರುತ್ತದೆ, ಕಂಬಕ್ಕೆ 4 ಪೈಲ್ ಮತ್ತು ಮೇಲೊಂದು ಕ್ಯಾಪ್ ಬೇಕು.

ಅದರ ಬದಲು ಫೂಟಿಂಗನ್ನೇ ಗರಸಿನೊಳಗೆ ಅರ್ಧ ಮೀಟರ್ ಕೂಡಿಸಿ. ಒಟ್ಟು ಆಳ 2.9 ಮೀಟರ್. ಗರಸಿಗೆ ಚದರ ಮೀಟರಿಗೆ 25 ಟನ್ ಹಿಡಿದರೆ 1.6 × 1.6 ಮೀಟರ್ ಫೂಟಿಂಗ್ ಸಾಕು. ಈ 25 ನಾನು ಲೆಕ್ಕಕ್ಕೆ ಹಿಡಿದದ್ದು, ಪ್ಲೇಟ್ ಲೋಡ್ ಟೆಸ್ಟ್ (ತಟ್ಟೆಯ ಮೇಲೆ ಭಾರ ಹಾಕಿ ನೆಲ ಎಷ್ಟು ಹೊರುತ್ತದೆ ನೋಡುವ ಪರೀಕ್ಷೆ) ವರದಿ ಬಂದ ಮೇಲೆ ಸರಿಮಾಡಿಕೊಳ್ಳಿ. ಕೆಲಸಕ್ಕೆ ಸುತ್ತ 300 ಮಿ.ಮೀ. ಜಾಗ ಬಿಟ್ಟು ಗುಂಡಿ 2.2 × 2.2 × 2.9, 15 ಗುಂಡಿಗೆ ಸುಮಾರು 210 ಘನ ಮೀಟರ್ ಅಗೆತ. 2.9 ಮೀಟರ್ ಆಳದ ಎರಿ ಮಣ್ಣಿನ ಗೋಡೆ ಒಣಗಿದಾಗ ಹೆಂಟೆ ಹೆಂಟೆಯಾಗಿ ಜಾರುತ್ತದೆ. ಹಲಗೆ ಕೊಡದೆ ಆಳನ್ನು ಇಳಿಸಬೇಡಿ.

ಗುಂಡಿ ಮುಚ್ಚುವಾಗಲೂ ಉಸುಕು ಬೇಡ, ತೆಗೆದ ಎರಿ ಮಣ್ಣೂ ಬೇಡ. ಜಿಗುಟು ಇರುವ ಆದರೆ ಉಬ್ಬದ ಕೆಂಪು ಗರಸು ತನ್ನಿ, ಜಂಬಿಟ್ಟಿಗೆ ಸೀಮೆಯಲ್ಲಿ ಸಿಗುತ್ತದೆ. 150 ಮಿ.ಮೀ. ಪದರ ಪದರವಾಗಿ ಹದಕ್ಕೆ ನೀರು ಹಾಕಿ ಬಡಿಯಿರಿ. ಬರೀ ಕಲ್ಲುಗರಸು ತಂದರೆ ಅದೂ ಉಸುಕಿನ ಕೆಲಸವನ್ನೇ ಮಾಡುತ್ತದೆ.

ಕಂಬಕ್ಕೆ ಒಂದು ಮಾತು. ಸುತ್ತಲಿನ ಎರಿ ಮಣ್ಣು ಉಬ್ಬುವಾಗ ಕಂಬವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಮೇಲೆ ಇನ್ನೂ ಗೋಡೆ ಸ್ಲ್ಯಾಬ್ ಬಾರದ ಮೊದಲ ಮಳೆಗಾಲದಲ್ಲಿ ಇದು ಜಾಸ್ತಿ, ಏಕೆಂದರೆ ಒತ್ತಿ ಹಿಡಿಯುವ ಭಾರವೇ ಇಲ್ಲ. ಮೇ ತಿಂಗಳಲ್ಲಿ ಪ್ಲಿಂತ್ (ನೆಲಮಟ್ಟದ ತನಕದ ಕೆಲಸ) ಮುಗಿಸಿ ಸೆಪ್ಟೆಂಬರ್ ತನಕ ಕೆಲಸ ನಿಲ್ಲಿಸುವ ಯೋಜನೆ ಹಾಕಬೇಡಿ. ದಸರಾ ಮುಗಿದ ಮೇಲೆ ಅಗೆದು, ಯುಗಾದಿ ಹೊತ್ತಿಗೆ ಮೊದಲ ಸ್ಲ್ಯಾಬ್ ಆಗುವಂತೆ ನೋಡಿ.

ಔರಾದ್_ಸೈಟ್

ಭಾಳ ಉಪಕಾರ ಆಯ್ತು ಸರ್. ಆದರ ಹಿಂದಿನ ಬ್ಲಾಕಿಗೆ 4 ಮೀಟರ್ ಮ್ಯಾಲ ಎರಿ ಅದ, ಅಲ್ಲಿಗೆ ಪೈಲ್ ಬೇಕೇ ಬೇಕಲ್ಲ? ಮತ್ತ ನೆಲದ ಬಗ್ಗೆ ಹೇಳಲಿಲ್ಲ.

ಪ್ಲಿಂತ್_ಲೆವೆಲ್

ಹಿಂದಿನ ಬ್ಲಾಕ್ ಅಲ್ಲಿ ಯಾಕೆ ಇರಬೇಕು? ಮೊದಲು ಅದನ್ನೇ ಕೇಳಿಕೊಳ್ಳಿ.

ಐಆರ್‌ಸಿ 73 ರಲ್ಲಿ (ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ) ಹೆದ್ದಾರಿ ಬದಿಗೆ ಊರ ಹೊರಗೆ ಕಟ್ಟಡ ರೇಖೆ ರಸ್ತೆ ಮಧ್ಯದಿಂದ 40 ಮೀಟರ್. ಹೆದ್ದಾರಿಯ ಸರ್ಕಾರಿ ಅಗಲ 30 ಮೀಟರ್ ಇದ್ದರೆ ನಿಮ್ಮ ಜಾಗದೊಳಗೆ ಇನ್ನೂ 25 ಮೀಟರ್ ಬಿಡಬೇಕು. ಅದಾದ ಮೇಲೆ ಎರಡೂ ಬ್ಲಾಕ್ ಪಕ್ಕ ಪಕ್ಕ ನಿಲ್ಲಿಸಿ, 14 ಮೀಟರ್ ಉದ್ದ ರಸ್ತೆಗೆ ಸಮಾಂತರ. 14 + 14, ನಡುವೆ 6 ಮೀಟರ್, ಒಟ್ಟು 34. ಎರಡೂ ಬದಿ 3 ಮೀಟರ್ ಉಳಿಯುತ್ತದೆ. ಎರಡೂ ಬ್ಲಾಕ್ ಮುಂದಿನ ಗರಸಿನ ಮೇಲೆ ಬಂದವು, ಪೈಲಿನ ಮಾತೇ ಮುಗಿಯಿತು. ಒಂದೇ ಷರತ್ತು: ನಿಮ್ಮ ಮುಂದಿನ ಎರಡು ಗುಂಡಿ ನಿಖರವಾಗಿ ಎಲ್ಲಿದ್ದವೋ ನೋಡಿ. ರಸ್ತೆಯಂಚಿಗೆ ತೋಡಿದ್ದರೆ ಲೆಕ್ಕಕ್ಕಿಲ್ಲ. ಹೊಸ ಜಾಗದ ನಾಲ್ಕೂ ಮೂಲೆಯಲ್ಲಿ ಮತ್ತೆ ತೋಡಿ. ನಾಲಾ ಕಡೆಯ ಮೂಲೆಯಲ್ಲಿ 3 ಮೀಟರ್ ಒಳಗೆ ಗರಸು ಬರದಿದ್ದರೆ ಆ ಬ್ಲಾಕನ್ನು ಪೂರ್ತಿ ಪೈಲ್ ಮೇಲೆ ಕೂಡಿಸಿ. ಒಂದೇ ಬ್ಲಾಕಿನ ಅರ್ಧ ಫೂಟಿಂಗ್, ಅರ್ಧ ಪೈಲ್ ಎಂದೂ ಬೇಡ. ಎರಡೂ ಒಂದೇ ಸಮ ಇಳಿಯುವುದಿಲ್ಲ, ಬಿರುಕು ಸರಿಯಾಗಿ ನಡುಮನೆಯಲ್ಲಿ ಬರುತ್ತದೆ.

ನೆಲಕ್ಕೆ ಬರೋಣ. ಎರಿ ಮಣ್ಣಿನ ಮನೆಯಲ್ಲಿ ಕಂಬ, ಗೋಡೆ ಸರಿ ಇದ್ದು ನೆಲವೊಂದೇ ಎದ್ದು, ಬಾಗಿಲು ತಾಗಿ, ಟೈಲ್ಸ್ ಟೊಳ್ಳಾಗುವುದು ಮಾಮೂಲಿ ನೋಟ. ದಾರಿ ಎರಡು.

ಒಂದು, ನೆಲದ ಕೆಳಗೆ 1 ಮೀಟರ್ ಎರಿ ತೆಗೆದು ಉಬ್ಬದ ಕೆಂಪು ಗರಸು ತುಂಬುವುದು. ಒಂದು ಬ್ಲಾಕಿಗೆ 126 ಘನ ಮೀಟರ್ ಬಡಿದ ಅಳತೆ, ಸಡಿಲ ಅಳತೆಯಲ್ಲಿ 160ರ ಮೇಲೆ. ಬೀದರ್ ಕಡೆಯಿಂದ ಟಿಪ್ಪರ್ ಬಾಡಿಗೆ ಕೊಟ್ಟು ತರಿಸಬೇಕು, ಪದರ ಪದರಕ್ಕೂ ನಿಂತು ಬಡಿಸಬೇಕು. ದೂರದ ಸೈಟಿನಲ್ಲಿ ಆ ನಿಗಾ ಇರುವುದಿಲ್ಲ, ಕಡೆಯ ಅರ್ಧ ಮೀಟರ್ ಒಮ್ಮೆಲೇ ಸುರಿದು ಮೇಲೆ ನೀರು ಬಿಟ್ಟುಬಿಡುತ್ತಾರೆ.

ಎರಡು, ನೆಲವನ್ನೇ ಸ್ಲ್ಯಾಬ್ ಮಾಡಿ ಪ್ಲಿಂತ್ ಬೀಮ್ (ನೆಲಮಟ್ಟದಲ್ಲಿ ಕಂಬಗಳನ್ನು ಜೋಡಿಸುವ ತೊಲೆ) ಮೇಲೆ ಕೂಡಿಸುವುದು, ಮಣ್ಣಿಗೆ ತಾಗಿಸಲೇಬಾರದು. 125 ಮಿ.ಮೀ. ದಪ್ಪಕ್ಕೆ ಬ್ಲಾಕಿಗೆ 15.75 ಘನ ಮೀಟರ್ ಕಾಂಕ್ರೀಟ್, ರಾಡ್ ಸುಮಾರು ಒಂದೂಕಾಲು ಟನ್. ನನ್ನ ಮತ ಇದಕ್ಕೇ. ಅಳೆಯಲು ಸುಲಭ, ಕದಿಯಲು ಕಷ್ಟ.

ಪ್ಲಿಂತ್ ಬೀಮ್ ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಇರಬೇಕು. ಸೈಟಿನಲ್ಲಿ ತಪ್ಪುವುದು ಇಲ್ಲಿಯೇ. ಗೌಂಡಿ ನೆಲದ ಮೇಲೆ ಉಸುಕು ಹಾಸಿ, ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಬೀಮ್ ಎರೆಯುತ್ತಾನೆ, ಉಸುಕು ತೆಗೆಯುವುದು ಆಮೇಲೆ ಅಂತಾನೆ. ಆ ಆಮೇಲೆ ಬರುವುದೇ ಇಲ್ಲ. ಮಣ್ಣು ಉಬ್ಬಿದಾಗ ಆ ಉಸುಕೇ ಬೀಮನ್ನು ಎತ್ತುತ್ತದೆ. ಬೀಮ್ ತಳಕ್ಕೆ ಹಲಗೆ ಸೆಂಟ್ರಿಂಗ್ ಹಾಕಿಸಿ, ಬಿಚ್ಚಿದ ಮೇಲೆ ಒಂದು ಕಡೆಯಿಂದ ಬ್ಯಾಟರಿ ಬಿಟ್ಟು ಇನ್ನೊಂದು ಕಡೆ ಬೆಳಕು ಕಂಡರೆ ಮಾತ್ರ ಅಳತೆ ಬರೆಯಿರಿ. ಹೊರಗಿನ ಮಣ್ಣು ಆ ಸಂದಿಗೆ ಜಾರದಂತೆ ಬೀಮಿನ ಹೊರಬದಿಗೆ 40 ಮಿ.ಮೀ. ಶಹಾಬಾದ್ ಫರಸಿ ಒರಗಿಸಿ ನಿಲ್ಲಿಸಿ. ಕಲಬುರಗಿ ಜಿಲ್ಲೆಯ ಕಲ್ಲು, ದುಬಾರಿಯಲ್ಲ. ಬೀಮಿಗೆ ಗಾರೆಯಿಂದ ಅಂಟಿಸಬೇಡಿ, ಸುಮ್ಮನೆ ಒರಗಿರಲಿ.

ಬೀಮಿನೊಳಗಿಂದ ಹಾದುಹೋಗುವ ಪ್ರತಿ ಪೈಪಿಗೂ ದೊಡ್ಡ ಸ್ಲೀವ್ (ಹೊರಕೊಳವೆ) ಇಡಿ, ಸುತ್ತ 50 ಮಿ.ಮೀ. ಸಡಿಲ ಇರಲಿ. ಬಿಗಿಯಾಗಿ ಸಿಮೆಂಟ್ ಮೆತ್ತಿದರೆ ಹೊರಗಿನ ಮಣ್ಣು ಎದ್ದಾಗ ಸಂಡಾಸಿನ ಪೈಪ್ ಗೋಡೆಯ ಅಂಚಿಗೇ ಮುರಿಯುತ್ತದೆ. ಮುರಿದ ಪೈಪಿನ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ. ಒಂದೇ ಮೂಲೆಯಲ್ಲಿ ಬಿರುಕು ಬಂದ ಮನೆ ಕಂಡರೆ ಮೊದಲು ಆ ಮೂಲೆಯ ಚೇಂಬರ್ ತೆಗೆದು ನೋಡಿ.

ಮಂಜ್ರಾ_ದಂಡೆ

ಇಬ್ಬರೂ ಹೇಳಿದ್ದು ಸರಿ ಅದ. ನಾನು ನೀರು, ಸಂಡಾಸ್ ಅಷ್ಟೇ ಹೇಳ್ತೀನಿ. ದೂರದ ಜಾಗದ ಕ್ವಾರ್ಟರ್ಸ್ ಖಾಲಿ ಬೀಳೋದು ಗೋಡಿ ಬಿರುಕಿಗೆ ಅಲ್ಲ, ನೀರಿಗೆ. ಕುಟುಂಬ ಕರಕೊಂಡು ಬಂದವರು ನಳದಾಗ ನೀರಿಲ್ಲಂದ್ರ ಔರಾದಿನ್ಯಾಗೋ ಬೀದರಿನ್ಯಾಗೋ ಬಾಡಿಗಿ ಮನಿ ಹಿಡೀತಾರ, ಕ್ವಾರ್ಟರ್ಸ್ ಕೀಲಿ ಹಾಕ್ಕೊಂಡು ಕೂಡ್ತಾವ.

ಹಿಂಗಾಗಿ ಬೋರ್ ಮೊದಲು, ಬುನಾದಿ ಆಮ್ಯಾಲ. 8 ಮನಿ, ಮನಿಗೆ 5 ಮಂದಿ, ತಲಿಗೆ ದಿನಕ್ಕ 135 ಲೀಟರ್ ಹಿಡಿದ್ರ 5,400 ಲೀಟರ್. ಬೋರಿನ ನೀರು ಬ್ಯಾಸಗ್ಯಾಗ, ಮೇ ತಿಂಗಳದಾಗ ಅಳೀರಿ. ಅಕ್ಟೋಬರಿನ ಇಳುವರಿ ನಂಬಿ ಮೋಟರ್ ತರಬ್ಯಾಡ್ರಿ. ಅದೇ ನೀರು ಕಾಂಕ್ರೀಟಿಗೂ ಹೋಗ್ತದ, ಲ್ಯಾಬಿಗೆ ಕೊಡ್ರಿ: ಐಎಸ್ 456 ಪ್ರಕಾರ ಪಿಎಚ್ 6ಕ್ಕಿಂತ ಕಡಿಮಿ ಇರಬಾರದು, ರಾಡ್ ಇರೋ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಒಳಗ, ಸಲ್ಫೇಟ್ 400 ಒಳಗ. ಕುಡಿಯೋದಕ್ಕ ಫ್ಲೋರೈಡ್ ಬ್ಯಾರೆ ನೋಡ್ಬೇಕು. ಅದು 1.5 ಮಿ.ಗ್ರಾಂ ದಾಟಿದ್ರ ಆರ್‌ಒ ಘಟಕ ಎಸ್ಟಿಮೇಟಿನಾಗ ಈಗೇ ಸೇರಿಸ್ರಿ.

ನೆಲದಾಗಿನ ಸಂಪ್ ಮನಿಯಿಂದ 5 ಮೀಟರ್ ದೂರ ಇರ್ಲಿ. ಎರಿ ಮಣ್ಣು ಸಂಪಿನ ಗ್ವಾಡಿ ಒತ್ತಿ ಬಿರುಕು ಬಿಡಿಸ್ತದ, ಸೋರಿದ ನೀರು ಎಲ್ಲಿ ಹೋತು ಯಾರಿಗೂ ಗೊತ್ತಾಗೂದಿಲ್ಲ. ನನ್ನ ಕೇಳಿದ್ರ ಸಂಪ್ ಬಿಟ್ಟು ನೆಲದ ಮ್ಯಾಲ ಜಗಲಿ ಕಟ್ಟಿ ಪ್ಲಾಸ್ಟಿಕ್ ಟಾಕಿ ಇಡೋದೇ ಚಲೋ, ಸೋರಿದ್ರ ಕಣ್ಣಿಗೆ ಕಾಣ್ತದ.

ಸಂಡಾಸ್. ಎಸ್ಟಿಮೇಟಿನ ಆ ಒಂದು ಸಾಲಿನಾಗ "ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ" ಅಂತ ಇರ್ತದ, ನೋಡದೇ ಹೇಳ್ತೀನಿ. ಎರಿ ಮಣ್ಣಿನಾಗ ಇಂಗುಗುಂಡಿ ಇಂಗೂದಿಲ್ಲ. ಪರೀಕ್ಷಾ ಸರಳ ಅದ: ಇಂಗಿಸೋ ಆಳದ ತನಕ ಸಣ್ಣ ತಗ್ಗು ತೋಡಿ, ತಳಕ್ಕ 50 ಮಿ.ಮೀ. ಸಣ್ಣ ಖಡಿ ಹಾಕಿ, ರಾತ್ರಿ ಎಲ್ಲಾ ನೀರು ನಿಲ್ಲಿಸ್ರಿ. ಮರುದಿನ ಖಡಿ ಮ್ಯಾಲ 150 ಮಿ.ಮೀ. ನೀರು ಹಾಕಿ ಅರ್ಧ ತಾಸಿನಾಗ ಎಷ್ಟು ಇಳೀತು ಅಳೀರಿ. 25 ಮಿ.ಮೀ. ಇಳಿಯಾಕ 60 ನಿಮಿಷದ ಮ್ಯಾಲ ಬೇಕಾದ್ರ ಮಣ್ಣಿಗೆ ಬಿಡೋ ಮಾತು ಬಿಟ್ಟುಬಿಡ್ರಿ. ಐಎಸ್ 2470 ಪ್ರಕಾರ 50 ಮಂದಿ ಕಾಲೊನಿಗೆ ಟ್ಯಾಂಕ್ 5 ಮೀ ಉದ್ದ, 2 ಮೀ ಅಗಲ. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡ್ತೀವಂದ್ರ ನೀರಿನ ಆಳ 1.24 ಮೀ. ಅದರ ಮುಂದ ಕೆಳಗಿಂದ ಮ್ಯಾಲಕ್ಕ ನೀರು ಏರೋ ಖಡಿ ಫಿಲ್ಟರ್, ಅದರಿಂದ ಹೊರಬಿದ್ದ ನೀರು ಹಿಂದಿನ ಇಳಿಜಾರಿನ್ಯಾಗ ಗಿಡದ ಪಾತಿಗೆ. ನಾಲಾಕ್ಕ ನೇರ ಬಿಡಬ್ಯಾಡ್ರಿ, ಕೆಳಗಿನ ಹೊಲದವರು ಬಂದು ನಿಲ್ತಾರ, ನಿಲ್ಲಲೂಬೇಕು. ಬೋರಿನಿಂದ ಪಾತಿ ಕನಿಷ್ಠ 18 ಮೀಟರ್ ದೂರ. ಸಂಡಾಸಿನ ಹೊಲಸು ಹೀರಿಕೊಳ್ಳೋ ಗಾಡಿ ಟ್ಯಾಂಕಿನ ತನಕ ಬರೋ ದಾರಿಗೆ ಗರಸು ಹಾಕಿಸ್ರಿ. ಮಳಿಗಾಲದಾಗ ಎರಿ ಮಣ್ಣಿನಾಗ ಗಾಡಿ ಹೂತ್ರ ಎಳಿಯಾಕ ಟ್ರ್ಯಾಕ್ಟರ್ ಹುಡಕಬೇಕಾಗ್ತದ.

ಗುತ್ತಿಗೆ_ಭಾಲ್ಕಿ

ಎಲ್ಲಾ ಖರೇನೇ. ಆದರ 210 ಘನ ಮೀಟರ್ ಅಗೆತ, ನೆಲಕ್ಕ ಸ್ಲ್ಯಾಬ್, ಇದರ ಬಿಲ್ ಯಾರು ಕೊಡ್ತಾರ? ಟೆಂಡರ್ ಆಗಿ ಹೋಗ್ಯದ.

ಗರಸು_ಗುಂಡಿ

ಇದು ನ್ಯಾಯವಾದ ಪ್ರಶ್ನೆ. ಬಾಯಿ ಮಾತಿನ ಮೇಲೆ ಒಂದು ಬುಟ್ಟಿಯೂ ಹೆಚ್ಚು ಅಗೆಯಬೇಡಿ. ಗುಂಡಿಗಳ ಅಳತೆಯನ್ನು ಫೋಟೋ ಸಮೇತ ಎಂಜಿನಿಯರ್ ಸಹಿ ಹಾಕಿಸಿ ದಾಖಲಿಸಿ. ಫೋಟೋದಲ್ಲಿ ಅಳತೆಪಟ್ಟಿ ಕಾಣಬೇಕು. ಮಣ್ಣಿನ ವರದಿ ಜೋಡಿಸಿ ಬದಲಾದ ಬುನಾದಿ ಡ್ರಾಯಿಂಗಿಗೆ ಲಿಖಿತ ಅನುಮೋದನೆ, ಹೆಚ್ಚುವರಿ ಐಟಂಗಳಿಗೆ ದರ ಮಂಜೂರಾತಿ, ಎರಡೂ ಕೈಗೆ ಬಂದ ಮೇಲೆ ಕೆಲಸ. ಆಳದ ಅಗೆತ ಎಸ್‌ಆರ್‌ನಲ್ಲಿ (ಸರ್ಕಾರಿ ದರಪಟ್ಟಿ) ಪದರವಾರು ಬೇರೆ ದರ, ಎರಿ ಮಣ್ಣು ಮತ್ತು ಗಟ್ಟಿ ಗರಸಿಗೂ ಬೇರೆ. ಒಂದೇ ದರದಲ್ಲಿ ಬರೆದುಕೊಟ್ಟರೆ ನಿಮಗೇ ನಷ್ಟ.

ಬ್ಲಾಕ್ ಜರುಗಿಸುವುದು ಮಾತ್ರ ಪುಕ್ಕಟೆ, ಲೇಔಟ್ ಬದಲಿಗೆ ಒಂದು ಸಹಿ ಸಾಕು. ಅದನ್ನು ಮೊದಲು ಕೇಳಿ.

ಔರಾದ್_ಸೈಟ್

ಲೇಔಟ್ ಪತ್ರ ನಾಳೆನೇ ಹಾಕ್ತೀನ್ರಿ. ಕಡೀದು ಒಂದು: ಬ್ಯಾಸಿಗಿ ಸ್ಲ್ಯಾಬಿಗೆ ಏನು ಜಾಗ್ರತಿ? ಮತ್ತ ಹೊರಗಿನ ಅಪ್ರಾನ್ (ಗೋಡಿ ಸುತ್ತ ನೆಲದ ಮ್ಯಾಲಿನ ಕಾಂಕ್ರೀಟ್ ಪಟ್ಟಿ) ಎಷ್ಟು ಅಗಲ ಬೇಕು?

ಪ್ಲಿಂತ್_ಲೆವೆಲ್

ಅಪ್ರಾನ್ 1.5 ಮೀಟರ್. ಡ್ರಾಯಿಂಗಿನ 60 ಸೆಂ.ಮೀ. ಈ ಮಣ್ಣಿಗೆ ಸಾಲದು. ಮೀಟರಿಗೆ 30 ಮಿ.ಮೀ. ಇಳಿಜಾರು ಕೊಡಿ. ಗೋಡೆಗೆ ತಾಗುವಲ್ಲಿ ಸಂದಿ ಬಿಟ್ಟು ಡಾಂಬರು ತುಂಬಿ, 2 ಮೀಟರಿಗೊಂದು ಸಂದಿ ಕೊಡಿ. ಇದು ಮುರಿಯುತ್ತದೆ, ರಿಪೇರಿ ಮಾಡುತ್ತಿರಬೇಕು. ಚಾವಣಿ ನೀರಿನ ಪೈಪ್ ಅಪ್ರಾನ್ ದಾಟಿ ಚರಂಡಿಗೇ ಬೀಳಲಿ. ಬೇವು, ಅರಳಿ ಹಚ್ಚುವುದಾದರೆ ಮರ ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರ. ಬೇಸಿಗೆಯಲ್ಲಿ ಬೇರು ಒಂದೇ ಮೂಲೆಯ ತೇವ ಹೀರಿದರೆ ಆ ಮೂಲೆ ಕುಸಿಯುತ್ತದೆ.

ಸ್ಲ್ಯಾಬಿಗೆ: ಕಾಂಕ್ರೀಟಿನ ಬಿಸಿ 40 ಡಿಗ್ರಿ ದಾಟಬಾರದು. ಏಪ್ರಿಲ್, ಮೇನಲ್ಲಿ ಸಂಜೆ 4ರ ಮೇಲೆ ಶುರು ಮಾಡಿ, ಖಡಿ ರಾಶಿಗೆ ಮುಂಜಾನೆಯಿಂದ ನೀರು ಚಿಮುಕಿಸಿ, ಮೇಲೆ ತಟ್ಟು ಕಟ್ಟಿ ನೆರಳು ಮಾಡಿ. ಸೇಡಂ, ವಾಡಿ ಕಡೆಯಿಂದ ಬರುವ ಸಿಮೆಂಟಿನಲ್ಲಿ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ಜಾಸ್ತಿ, ಹಾಗಾಗಿ ಕ್ಯೂರಿಂಗ್ 14 ದಿನ. ಸ್ಲ್ಯಾಬ್ ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಕಂಬಕ್ಕೆ ಗೋಣಿತಟ್ಟು ಸುತ್ತಿ. ಆದರೆ ಪ್ಲಿಂತ್ ಬೀಮಿನ ಕ್ಯೂರಿಂಗ್ ನೀರು ಗುಂಡಿಯಲ್ಲಿ ನಿಲ್ಲದಂತೆ ನೋಡಿ, ಅಲ್ಲಿಗೆ ಒದ್ದೆ ತಟ್ಟು ಸಾಕು, ಪೈಪ್ ಬೇಡ.

ಕಂಬದ ರಿಂಗ್ ಕೊಕ್ಕೆ 135 ಡಿಗ್ರಿ ಬಾಗಿರಲಿ. 1993ರ ಸೆಪ್ಟೆಂಬರ್ 30ರಂದು ಭೂಕಂಪಕ್ಕೆ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿ ನಿಮ್ಮ ಸೈಟಿಗೆ ತೀರಾ ದೂರವೇನಲ್ಲ, ಡ್ರಾಯಿಂಗಿನಲ್ಲಿ 90 ಇದ್ದರೂ ಬಾಗಿಸಿ. ರಾಡ್ ಕಟ್ಟುವವನು ಗೊಣಗುತ್ತಾನೆ, ಗೊಣಗಲಿ.